ಗುಂಡಿಯ ಮೋಹವೂ ಗಾಜಿನ ಉಪಕಾರವೂ

ಮೊಬೈಲ್ ಫೋನಿನಲ್ಲಿ ಬರೆಯುವುದಕ್ಕೆ ಗುಂಡಿಗಳುಳ್ಳ ಕೀಲಿಮಣೆಯೇ ಶ್ರೇಷ್ಠವೆಂದೂ, ಗಾಜಿನ ಮೇಲೆ ಬೆರಳೂರಿ ಬರೆಯುವ ಈಗಿನ ಪದ್ಧತಿಯು ಬರವಣಿಗೆಗೆ ಒದಗಿದ ದುರ್ದೆಸೆಯೆಂದೂ ವಿದ್ಯಾವಂತರಲ್ಲಿ ಅನೇಕರು ಹಲುಬುವುದುಂಟು. 1999ರಲ್ಲಿ ತಲೆದೋರಿದ ಬ್ಲ್ಯಾಕ್‌ಬೆರಿ ಎಂಬ ಯಂತ್ರವು ತನ್ನ ಕಿರುಗುಂಡಿಗಳ ಸಾಲುಗಳಿಂದಲೇ ಲೋಕಪ್ರಸಿದ್ಧವಾಯಿತು. 2007ರಲ್ಲಿ ಐಫೋನು ಬಂದು ಗುಂಡಿಗಳ ಜಾಗವನ್ನೆಲ್ಲ ಗಾಜಿಗೆ ಬಿಟ್ಟುಕೊಟ್ಟಿತು. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿಗಳಿಗೆ ಸಲ್ಲುತ್ತಿದ್ದ ಸೇವೆಯೂ ನಿಂತಿತು. ಅಂದಿನಿಂದ ಈ ಹಲುಬಾಟಕ್ಕೆ ಶ್ರಾದ್ಧಕಾಲದ ಗಾಂಭೀರ್ಯವೂ ಬಂದಿದೆ.

ಗುಂಡಿಯ ಪಕ್ಷದವರ ವಾದವು ಕೇವಲ ನಿಸ್ಸಾರವಾದುದಲ್ಲ. ಗುಂಡಿಗೆ ಅಂಚುಂಟು, ಉಬ್ಬುಂಟು. ಒತ್ತಿದುದು ಬೆರಳಿಗೆ ತಿಳಿಯುತ್ತದೆ. ಕಣ್ಣು ಬೇರೆಡೆಯಿದ್ದರೂ ಕೈ ತಪ್ಪುವುದಿಲ್ಲ. ಗಾಜಾದರೋ ಎಲ್ಲೆಡೆಯೂ ಒಂದೇ ನುಣುಪು. ಲೆಕ್ಕವನ್ನೂ ಅವರು ಮುಂದಿಡಬಲ್ಲರು. 2018ರಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ 1,68,000 ಮಂದಿ ಗಣಕಯಂತ್ರದ ಕೀಲಿಮಣೆಯ ಮೇಲೆ ನಿಮಿಷಕ್ಕೆ ಸರಾಸರಿ 52 ಇಂಗ್ಲಿಷ್ ಶಬ್ದಗಳನ್ನು ಬರೆದರು. 2019ರ ಇನ್ನೊಂದರಲ್ಲಿ 37,000 ಮಂದಿ ಮೊಬೈಲಿನಲ್ಲಿ ಬರೆದುದು ಸುಮಾರು 36 ಶಬ್ದಗಳನ್ನು. ಗಾಜು ಸೋತಿತೆಂದು ಇದರಿಂದ ತೀರ್ಪು ಹೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಇಲ್ಲಿ ಗೆದ್ದದ್ದು ಮೇಜಿನ ಮೇಲಿನ ದೊಡ್ಡ ಕೀಲಿಮಣೆ. ಹೆಬ್ಬೆರಳಿನ ಉಗುರಿಗಿಂತ ಕಿರಿದಾದ ಫೋನಿನ ಗುಂಡಿಯಲ್ಲ. ಆನೆಯ ಬಲವನ್ನು ತೋರಿಸಿ ಇಲಿಗೆ ಪಟ್ಟ ಕಟ್ಟುವುದು ಯಾವ ತರ್ಕ?

ಇದೂ ಇರಲಿ. ಆ ಗುಂಡಿಗಳ ಮೇಲೆ ಅಚ್ಚಾಗಿದ್ದ ಅಕ್ಷರಗಳು ಯಾರವು? ಇದನ್ನು ಮಾತ್ರ ಹಲುಬುವವರು ಯಾರೂ ಕೇಳುವುದಿಲ್ಲ. 26 ರೋಮನ್ ಅಕ್ಷರಗಳಿಗೆಂದು ಅಳೆದು ಮಾಡಿದ ಮಣೆಯ ಮೇಲೆ ಕನ್ನಡದ 49 ವರ್ಣಗಳು ಬಾಡಿಗೆಯ ಮನೆಯವರಂತೆ ಬದುಕಬೇಕಾಗಿತ್ತು. ಹನ್ನೆರಡೇ ಗುಂಡಿಗಳ ಅಗ್ಗದ ಫೋನುಗಳಲ್ಲಂತೂ ಕಷ್ಟವು ಇನ್ನೂ ಹೆಚ್ಚು. ಒಂದು ವರ್ಗವನ್ನೆಲ್ಲ ಒಂದೇ ಗುಂಡಿಗೆ ಹೊರಿಸಿದರೆ ‘ಮ’ಕಾರವೊಂದಕ್ಕೆ ಐದು ಸಲ ಒತ್ತಬೇಕು, ‘ಅಮ್ಮ’ ಎಂದು ಬರೆಯುವುದರೊಳಗೆ ಕರೆಯುವ ಮಗುವಿಗೂ ಬೇಸರ ಬಂದೀತು. ಪ್ಲಾಸ್ಟಿಕ್ಕಿನಲ್ಲಿ ಒಮ್ಮೆ ಅಚ್ಚಾದುದು ಮತ್ತೆ ಬದಲಾಗುವಂತಿಲ್ಲ. ಕನ್ನಡಕ್ಕಾಗಿ ಬೇರೆ ಅಚ್ಚು ಹೊಯ್ಯಿಸಬೇಕಾದರೆ ಲಾಭನಷ್ಟಗಳ ಪ್ರಶ್ನೆ ಎದ್ದುನಿಲ್ಲುತ್ತಿತ್ತು.

ಗಾಜು ಈ ಪ್ರಶ್ನೆಯನ್ನೇ ಅಳಿಸಿಹಾಕಿತು. ಗಾಜಿಗೆ ಸ್ವಂತ ಅಕ್ಷರವೆಂಬುದಿಲ್ಲ. ಕನ್ನಡವನ್ನು ಕೇಳಿದವರಿಗೆ ಕನ್ನಡವನ್ನು ತೋರಿಸುತ್ತದೆ, ತುರ್ಕಿಯವರಿಗೆ ತುರ್ಕಿಯನ್ನು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ಸಾಮಾನ್ಯ ಜನರ ಬೆರಳಿಗೆ ಆ ಸ್ಥಾನದ ಫಲವು ಎಟುಕಿದ್ದು ಗಾಜಿನ ಮೂಲಕ. ‘ಕ’ಕಾರವನ್ನು ಒತ್ತಿದೊಡನೆ ಅದರ ಗುಣಿತಾಕ್ಷರಗಳನ್ನು ಎದುರಿಗೆ ತಂದಿಡುವ ಮಣೆಗಳೂ ಈಗ ಉಂಟು. ಸ್ವರಗಳನ್ನು ಎಡಕ್ಕೂ ವ್ಯಂಜನಗಳನ್ನು ಬಲಕ್ಕೂ ಇಡುವ ಇನ್‌ಸ್ಕ್ರಿಪ್ಟ್ ಒಂದು ಕ್ರಮ, ಕೆ. ಪಿ. ರಾಯರು ರೂಪಿಸಿದ, ಧ್ವನಿಯನ್ನು ಅನುಸರಿಸುವ ಕ್ರಮ ಇನ್ನೊಂದು. ಅಭ್ಯಾಸವುಳ್ಳವರು ತಮಗೆ ಒಪ್ಪಿದುದನ್ನು ಅದೇ ಗಾಜಿನ ಮೇಲೆ ಕಾಸು ಖರ್ಚಿಲ್ಲದೆ ಇರಿಸಿಕೊಳ್ಳಬಹುದು.

ಹೀಗಿದ್ದೂ ಕನ್ನಡಿಗರು ಮಾಡುತ್ತಿರುವುದೇನು? ಮನೆಯಂಗಳಕ್ಕೆ ಬಂದ ನದಿಯನ್ನು ಬಿಟ್ಟು ಅನ್ಯರ ಬಾವಿಯಿಂದ ನೀರು ಸೇದುತ್ತಿದ್ದಾರೆ. ಕನ್ನಡದ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆದು ಕಳುಹಿಸುವುದು ಪದವೀಧರರಲ್ಲಿಯೂ ವಾಡಿಕೆಯಾಗಿದೆ. ಸಾಮಾನ್ಯರು ಬಳಸುವ ಆ ಬರಹದಲ್ಲಿ ‘ನ’ಕಾರ ‘ಣ’ಕಾರಗಳಿಗೆ ಭೇದವಿಲ್ಲ, ‘ಲ’ಕಾರ ‘ಳ’ಕಾರಗಳೂ ಒಂದೇ. ಹಳ್ಳಿಗೂ ಹಲ್ಲಿಗೂ ಒಂದೇ ಕಾಗುಣಿತವಾದ ಮೇಲೆ, ಊರಿಗೆ ಹೊರಟವರು ಗೋಡೆ ಹತ್ತಿದರೆ ಆಶ್ಚರ್ಯವೇನು? ಈ ಬರಹದಲ್ಲಿಯೇ ಕೈ ಪಳಗಿಸಿಕೊಂಡ ಬಾಲಕನಿಗೆ ಒತ್ತಕ್ಷರವು ಪರದೇಶದ ವಸ್ತುವಾಗುತ್ತದೆ. ಗುಂಡಿಗಳ ಕಾಲದಲ್ಲಿ ಇದಕ್ಕೆ ನಿರುಪಾಯವೆಂಬ ಕ್ಷಮೆಯಾದರೂ ಇತ್ತು. ಈಗ ಅದೂ ಇಲ್ಲ. ಉಳಿದಿರುವುದು ಆಲಸ್ಯವೊಂದೇ.

ಯಂತ್ರವೇ ಮುಂದಿನ ಶಬ್ದವನ್ನು ಸೂಚಿಸುವುದಲ್ಲವೆ, ಕಾಗುಣಿತ ಕಲಿಯುವ ಶ್ರಮವೇಕೆ ಎನ್ನುವವರೂ ಉಂಟು. ಮೇಲೆ ಹೇಳಿದ 2019ರ ಪರಿಶೋಧನೆಯಲ್ಲಿಯೇ, ಸೂಚಿಸಿದ ಶಬ್ದಗಳನ್ನು ಆಯ್ದುಕೊಳ್ಳುತ್ತ ಬರೆದವರ ವೇಗವು ಹೆಚ್ಚಲಿಲ್ಲವೆಂದು ಕಂಡುಬಂದಿತು. ಪಟ್ಟಿಯನ್ನು ಓದಿ ಆರಿಸುವುದಕ್ಕೂ ಹೊತ್ತು ಬೇಕಷ್ಟೆ. ಅಲ್ಲದೆ ಸೂಚನೆಯು ಸರಿಯೋ ತಪ್ಪೋ ಎಂದು ತಿಳಿಯುವುದಕ್ಕೆ ಮೊದಲು ಬರೆಯುವವನಿಗೇ ಕಾಗುಣಿತ ಬಂದಿರಬೇಡವೆ?

ಗುಂಡಿಯ ಪಕ್ಷಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಲೇಬೇಕು. ದೃಷ್ಟಿಹೀನರಿಗೆ ಗುಂಡಿಯ ಅಂಚು ಭೋಗವಲ್ಲ, ಊರುಗೋಲು. 2009ರಿಂದ ಐಫೋನು, ಮುಟ್ಟಿದ ಅಕ್ಷರವನ್ನು ಓದಿ ಹೇಳುವುದನ್ನು ಕಲಿತಿದೆ. ಆದರೂ ಕಿವಿಯು ಬೆರಳಿನ ಕೆಲಸವನ್ನು ಪೂರ್ತಿಯಾಗಿ ಮಾಡಲಾರದು. ದೀರ್ಘ ಪ್ರಬಂಧವನ್ನು ಬರೆಯುವವರಿಗೂ ದೊಡ್ಡ ಕೀಲಿಮಣೆಯೇ ಹಿತ. ಅಂಥವರು ಅದನ್ನು ತಂತಿಯಿಲ್ಲದೆ ಅದೇ ಫೋನಿಗೆ ಜೋಡಿಸಿಕೊಳ್ಳಬಹುದು. ಬೇಕಾದವನಿಗೆ ಗುಂಡಿಯನ್ನು ಸೇರಿಸಿಕೊಳ್ಳಲು ಗಾಜು ಎಡೆಗೊಡುತ್ತದೆ. ಗುಂಡಿಯಾದರೋ ಕನ್ನಡಕ್ಕೆ ಎಡೆಗೊಡಲಿಲ್ಲ.

ಆದುದರಿಂದ ಸತ್ತ ಗುಂಡಿಗಾಗಿ ಕಣ್ಣೀರಿಡುವುದನ್ನು ಬಿಟ್ಟು, ಕನ್ನಡಿಗರು ಮೊದಲು ತಂತಮ್ಮ ಫೋನುಗಳಲ್ಲಿ ಕನ್ನಡದ ಮಣೆಯನ್ನು ತೆರೆದಿರಿಸಲಿ. ಉಪಾಧ್ಯಾಯರು ಹಲಗೆಯ ಮೇಲೆ ಅಕ್ಷರ ತಿದ್ದಿಸಿದಂತೆಯೇ ಗಾಜಿನ ಮೇಲೆಯೂ ತಿದ್ದಿಸಲಿ. ಮೊದಲ ವಾರ ಬೆರಳು ತಡವರಿಸೀತು. ಬಳಪ ಹಿಡಿದ ಮೊದಲ ವಾರದಲ್ಲಿ ಅದು ತಡವರಿಸಲಿಲ್ಲವೆ? ತಂದೆಗೆ ಮಗಳು ಬರೆಯುವ ಓಲೆಯಲ್ಲಿ ‘ಹಳ್ಳಿ’ಯು ಹಳ್ಳಿಯಾಗಿಯೇ ಉಳಿಯುವುದಾದರೆ ಆ ಒಂದು ವಾರದ ಶ್ರಮವು ಹೆಚ್ಚಿನದೇನೂ ಅಲ್ಲ.