ಕೂಸು, ಕೊಳ, ನಾಲೆ

ಸಂಸ್ಕೃತದಲ್ಲಿ ನೀರಿಗೆ ‘ಜೀವನ’ವೆಂದು ಒಂದು ಹೆಸರುಂಟು; ‘ವಿಷ’ವೆಂಬ ಶಬ್ದಕ್ಕೂ ನೀರೆಂಬ ಅರ್ಥವನ್ನು ಅಮರಕೋಶವು ಹೇಳುತ್ತದೆ. ಬದುಕಿಸುವುದೂ ಕೊಲ್ಲುವುದೂ ಒಂದೇ ವಸ್ತುವೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಗೃಹಸ್ಥರಿಗೆ ವಿವರಿಸಬೇಕಾದುದಿಲ್ಲ. ಕನ್ನಂಬಾಡಿಯ ಕಟ್ಟೆಯಿಂದ ಹೊರಟು, ಹಿಂದೆ ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಕರೆಯಿಸಿಕೊಳ್ಳುವ ಕಾಲುವೆಯು ನಮ್ಮ ಬತ್ತಕ್ಕೂ ಕಬ್ಬಿಗೂ ತಾಯಿ. 2018ನೆಯ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಅದೇ ನಾಲೆಗೆ ಉರುಳಿ 30 ಮಂದಿ ಅಸುನೀಗಿದರು. ಅವರಲ್ಲಿ ಶಾಲೆಯಿಂದ ಮನೆಗೆ ಹಿಂದಿರುಗುತ್ತಿದ್ದ ಮಕ್ಕಳೂ ಇದ್ದರು. ಆದುದರಿಂದ ಮಕ್ಕಳಿಗೂ ನೀರಿಗೂ ಇರುವ ಸಂಬಂಧದ ವಿಚಾರವು ನಮಗೆ ವಿನೋದದ ಮಾತಲ್ಲ.

ಈಗ ನಮ್ಮ ಸೀಮೆಯ ಅಜ್ಜ ಅಜ್ಜಿಯರು ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆಂದೋ ಪರದೇಶಕ್ಕೆ ಹೋಗಿಬರುವುದುಂಟು. ಅಲ್ಲಿ ಅವರನ್ನು ಬೆಚ್ಚಿಬೀಳಿಸುವ ನೋಟಗಳಲ್ಲಿ ಸಾರ್ವಜನಿಕ ಈಜುಕೊಳವೂ ಒಂದು. ಇನ್ನೂ ಸರಿಯಾಗಿ ಕುಳಿತುಕೊಳ್ಳಲು ಬಾರದ ಕೂಸನ್ನು ಮಗಳೂ ಅಳಿಯನೂ ನೀರಿಗಿಳಿಸುವುದನ್ನು ಕಂಡು, “ಶೀತವಾದೀತು ಕಣಮ್ಮಾ, ಮಗೂನ ಈಚೆಗೆ ತಾ” ಎಂದು ಅಜ್ಜಿಯು ಕೂಗದಿರಲಾರಳು. ಈ ಅಂಜಿಕೆಯು ನಿರಾಧಾರವಲ್ಲ. ಎಳೆಗೂಸಿನ ಮೈ ಬಹು ಬೇಗ ಕಾವನ್ನು ಕಳೆದುಕೊಳ್ಳುವುದು. ಅದರಿಂದಲೇ ಕೂಸುಗಳ ಕೊಳದ ನೀರನ್ನು ಸುಮಾರು 32 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬೆಚ್ಚಗಿಡುವರು. ಅರ್ಧ ಗಂಟೆಯೊಳಗಾಗಿ ಮೇಲೆತ್ತಿ, ಒರೆಸಿ, ಬೆಚ್ಚಗೆ ಸುತ್ತಿ ಹಾಲೂಡುವರು. ಅದಕ್ಕೆ ಮೊದಲೇ ತುಟಿ ನೀಲಿಗಟ್ಟಿದರೆ ಅಥವಾ ಮೈ ನಡುಗಿದರೆ ಆ ಕ್ಷಣವೇ ಎತ್ತತಕ್ಕದ್ದು.

ಶುಚಿಯ ನಿಯಮವೂ ಕಟ್ಟುನಿಟ್ಟಾದುದು. ದೊಡ್ಡವರು ಮೊದಲು ಸ್ನಾನ ಮಾಡಿಯೇ ಇಳಿಯಬೇಕು; ಕೂಸಿಗೆ ನೀರಿಗೆಂದೇ ಮಾಡಿದ ಬಿಗಿಯಾದ ಚಡ್ಡಿಯನ್ನು ತೊಡಿಸಬೇಕು. ಭೇದಿಯಾಗುತ್ತಿರುವ ಕೂಸನ್ನು ಇಳಿಸಲೇ ಕೂಡದು. ಕ್ಲೋರಿನ್ ಬೆರೆಸಿದ ನೀರಿನಲ್ಲಿಯೂ ದಿನಗಟ್ಟಲೆ ಬದುಕಬಲ್ಲ ಕ್ರಿಪ್ಟೋಸ್ಪೋರಿಡಿಯಮ್ ಎಂಬ ಸೂಕ್ಷ್ಮಜೀವಿಯುಂಟು. ಒಂದು ಕೂಸಿನಿಂದ ಅದು ಕೊಳದಲ್ಲಿರುವ ಮಿಕ್ಕವರಿಗೂ ಅಂಟಬಹುದು. ನಮ್ಮ ಮನೆಗಳಲ್ಲಿ ಮಡಿಯೆಂಬುದು ತನ್ನ ಶುದ್ಧಿಗಾಗಿ. ಕೊಳದ ಮಡಿಯು ಅನ್ಯರ ಆರೋಗ್ಯಕ್ಕಾಗಿ.

ಹಾಗಾದರೆ ಕೂಸು ಈಜು ಕಲಿಯುವುದೇ? ಇಲ್ಲ. ಒಂದು ವರ್ಷದೊಳಗಿನ ಶಿಶುವಿಗೆ ಈಜಿನ ಪಾಠ ಹೇಳಿಸಿದರೆ ಮುಳುಗುವ ಅಪಾಯವು ಕಡಿಮೆಯಾಗುವುದೆಂಬುದಕ್ಕೆ ಪ್ರಮಾಣವಿಲ್ಲವೆಂದೂ, ವರ್ಷ ತುಂಬಿದ ಮೇಲೆ ಪ್ರಯೋಜನವಾಗಬಹುದೆಂದೂ ಅಮೆರಿಕೆಯ ಮಕ್ಕಳ ವೈದ್ಯರ ಸಂಸ್ಥೆಯು ಹೇಳಿದೆ. ಕೊಳದಲ್ಲಿ ನಿಜವಾಗಿ ಪಾಠ ಕಲಿಯುವವರು ತಂದೆತಾಯಿಗಳು. ಅಂತಹ ಕೊಳವೊಂದರ ದಂಡೆಯಲ್ಲಿ ಕುಳಿತು ನಾವು ಕಂಡುದು ಇಷ್ಟೆ: ಯಾವ ತಾಯಿಯೂ ತನ್ನ ಕೂಸಿನಿಂದ ಕೈಯಳತೆಗಿಂತ ದೂರ ಸರಿಯಲಿಲ್ಲ, ಯಾರ ಕೈಯಲ್ಲಿಯೂ ಮೊಬೈಲು ಇರಲಿಲ್ಲ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಇಳಿದುಹೋಗುವುದು. ಗಾಳಿ ತುಂಬಿದ ತೋಳಪಟ್ಟಿಯು ಆಟದ ಸಾಮಾನೇ ಹೊರತು ಪ್ರಾಣರಕ್ಷಕವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳು.

ಈ ವಿಷಯದಲ್ಲಿ ಹಾಲೆಂಡಿನ ಉದಾಹರಣೆಯು ನಮಗೆ ಹತ್ತಿರದ್ದು. ಆ ದೇಶದ ಸುಮಾರು ಕಾಲುಭಾಗದ ನೆಲವು ಸಮುದ್ರಮಟ್ಟಕ್ಕಿಂತ ಕೆಳಗಿರುವುದು. ನಮ್ಮಲ್ಲಿಯಂತೆಯೇ ಎಲ್ಲಿ ನೋಡಿದರೂ ಕಾಲುವೆ. ಅಲ್ಲಿಯ ಮಕ್ಕಳನ್ನು ನಾಲ್ಕೈದು ವರ್ಷಕ್ಕೆ ಈಜಿನ ಪಾಠಕ್ಕೆ ಸೇರಿಸುವರು. ಎ, ಬಿ, ಸಿ ಎಂಬ ಮೂರು ಅರ್ಹತಾಪತ್ರಗಳುಂಟು. ಮೊದಲನೆಯದಕ್ಕೇ ಮಗುವು ಬಟ್ಟೆ, ಪಾದರಕ್ಷೆಗಳನ್ನು ತೊಟ್ಟುಕೊಂಡು ಈಜಿ ತೋರಿಸಬೇಕು. ಕಾಲುವೆಗೆ ಬೀಳುವ ಮಗುವು ಈಜುಡುಗೆ ಧರಿಸಿ ಬೀಳುವುದಿಲ್ಲವಷ್ಟೆ!

ನಮ್ಮ ಹಿರಿಯರಿಗೂ ಈ ವಿವೇಕವು ಇಲ್ಲದಿರಲಿಲ್ಲ. ಬೆನ್ನಿಗೆ ಒಣ ಸೋರೆಬುರುಡೆ, ಸೊಂಟಕ್ಕೆ ಹಗ್ಗ ಕಟ್ಟಿ, ಬಾವಿಯ ಮೆಟ್ಟಿಲ ಮೇಲೆ ಸೋದರಮಾವನೋ ಅಣ್ಣನೋ ನಿಂತು ಕಲಿಸುತ್ತಿದ್ದರು. ಆದರೆ ಕಲಿಯುತ್ತಿದ್ದವರು ಬಹುಮಟ್ಟಿಗೆ ಹುಡುಗರು. ನಾಲೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವವಳು ಹೆಂಗಸು. ಪಕ್ಕದಲ್ಲಿ ಆಡುವ ಮಗು ಜಾರಿದರೆ ಮೊದಲು ಧುಮುಕುವವಳು ತಾಯಿ. ಈಜು ಬಾರದವಳೂ ಅವಳೇ. ಒಂದು ಮನೆಯಿಂದ ಎರಡು ಹೆಣಗಳು ಹೊರಡುವುದು ಹೀಗೆ.

ಆದುದರಿಂದ ನಾವು ಹೇಳುವುದಿಷ್ಟು. ಪರದೇಶದಲ್ಲಿ ಕಂಡೆವೆಂದು ಎಳೆಗೂಸನ್ನು ನಾಲೆಗಾಗಲಿ, ಮದ್ದೂರಿನ ಶಿಂಷೆಗಾಗಲಿ, ಮುತ್ತತ್ತಿಯ ಸುಳಿಗಳಿರುವ ಕಾವೇರಿಗಾಗಲಿ ಇಳಿಸತಕ್ಕದ್ದಲ್ಲ. ಹರಿಯುವ ನೀರು ಕೊಳದ ನೀರಲ್ಲ. ಮನೆಯ ತೊಟ್ಟಿ, ಸಂಪುಗಳಿಗೆ ಮುಚ್ಚಳವಿರಲಿ. ಬಕೆಟ್ಟನ್ನು ಬರಿದುಮಾಡಿ ಇಡಿರಿ. ಕೂಸಿನ ಪ್ರಾಣಕ್ಕೆ ಎರಡಂಗುಲ ನೀರೂ ಸಾಕು. ನಾಲೆಯ ದಂಡೆಗೆ ತಡೆಗೋಡೆ ಬೇಕೆಂದು ಊರವರು ಕೂಡಿ ಕೇಳತಕ್ಕದ್ದು; ಉರುಳುವ ಬಸ್ಸಿನೊಳಗೆ ಈಜು ಬಲ್ಲವನೂ ನಿರುಪಾಯನು. ಐದಾರು ವರ್ಷದ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಕಾವಲಿನವರಿರುವ ಕೊಳದಲ್ಲಿ ಬಲ್ಲವರಿಂದ ಈಜು ಕಲಿಸಿರಿ. ಹೆಣ್ಣುಮಗುವಿಗೆ ಒಡವೆ ಮಾಡಿಸುವುದರಲ್ಲಿ ನಮಗಿರುವ ಆತುರದ ಒಂದಂಶವು ಈ ವಿದ್ಯೆಯ ಮೇಲೆ ಇದ್ದರೆ ಅವಳೂ ಉಳಿದಾಳು, ಮುಂದೆ ಅವಳ ಕೂಸೂ ಉಳಿದೀತು.