ನೆಲ ನೋಡದ ರುಜು

ನಮ್ಮ ಚನ್ನರಾಯಪಟ್ಟಣದ ಸೀಮೆಯಲ್ಲಿ ತೆಂಗಿನ ನಾರಿನ ಕೆಲಸಕ್ಕೆ ಹೋಗುವ ಹೆಂಗಸರಿಗೆ ಒದ್ದೆ ನೆಲ ಹೊಸದಲ್ಲ. ಜಾರಿ ಬಿದ್ದರೆ, "ನೋಡಿಕೊಂಡು ನಡೆಯಬಾರದಿತ್ತೇನಮ್ಮ?" ಎಂಬ ಮಾತು ಮೊದಲು. ನೋಡಬೇಕಾದವರು ಯಾರು? ನೆಲ, ಮೆಟ್ಟಿಲು, ಓಡಾಡುವ ದಾರಿ ಜಾರದಂತೆ ಇಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 32ನೇ ಸೆಕ್ಷನ್ನೇ ಹೇಳಿತ್ತು.

ನಾನು ಕಂಡ ಒಂದು ತಪಾಸಣೆ ಪುಸ್ತಕದಲ್ಲಿ ತಿಂಗಳಿಡೀ "ಸರಿಯಿದೆ". ಒಂದೇ ಶಾಯಿ, ಒಂದೇ ರುಜು. ಮಳೆಗಾಲದಲ್ಲೂ ಒಂದು ದಿನ ನೆಲ ಒದ್ದೆಯಾಗಲಿಲ್ಲವಂತೆ! ಇದು ದಾಖಲೆಯಲ್ಲ, ಬಿದ್ದವಳ ಮೇಲೆಯೇ ತಪ್ಪು ಹೊರಿಸಲು ಬರೆದಿಟ್ಟ ಸುಳ್ಳುಸಾಕ್ಷಿ. ತಾರೀಖು, ವೇಳೆ, ಜಾಗ, ಕಂಡ ದೋಷ, ಸರಿಪಡಿಸಿದ ದಿನ, ಇಷ್ಟಿದ್ದರೆ ದಾಖಲೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ತಪ್ಪದೆ ಬರೆಯುವ ನಮಗೆ ಇದೇನು ಬ್ರಹ್ಮವಿದ್ಯೆಯೇ? ದಿನವೂ ಆ ನೆಲ ಗುಡಿಸುವವಳ ಕೈಗೆ ಪುಸ್ತಕ ಕೊಡಿ. ಸಾಹೇಬರು ಆಮೇಲೆ ರುಜು ಹಾಕಲಿ.