ಹಲಗೆಯ ಮೇಲೆ ಬಾರದ ಹೆಸರು



ಈಚೆಗೆ ರಂಗಂಪೇಟೆಯಲ್ಲಿ ನೀವು ಏರ್ಪಡಿಸಿದ ಗುರುವಂದನೆಯ ಸಿದ್ಧತೆಯನ್ನು ಟ್ರೆಲ್ಲೊ ಎಂಬ ಅಂತರ್ಜಾಲದ ಹಲಗೆಯಲ್ಲಿ ನೋಡಿ ಸಂತೋಷಪಟ್ಟೆ. ‘ಮಾಡಬೇಕಾದದ್ದು’, ‘ನಡೆಯುತ್ತಿರುವುದು’, ‘ಮುಗಿದದ್ದು’ ಎಂಬ ಮೂರು ಪಟ್ಟಿಗಳು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ, ಚೀಟಿಗೊಂದು ಹೆಸರು, ಗಡುವು. ಬೆಂಗಳೂರಿನವನು ಚೀಟಿ ಸರಿಸಿದರೆ ಪುಣೆಯವಳಿಗೆ ಕೂಡಲೇ ತಿಳಿಯುತ್ತದೆ. ಟ್ರೆಲ್ಲೊ ಬಂದದ್ದು 2011ರಲ್ಲಿ. ಆದರೆ ಈ ಬಗೆಯ ಹಲಗೆಗಳ ಮೂಲ ಜಪಾನಿನ ಟೊಯೋಟಾ ಕಾರ್ಖಾನೆಯ ‘ಕಾನ್‌ಬಾನ್’ ಚೀಟಿ ಪದ್ಧತಿ. ನಮ್ಮ ಶಿಕ್ಷಕರ ಕೊಠಡಿಯ ಕರಿಹಲಗೆಯೂ ಇದನ್ನೇ ಮಾಡುತ್ತಿತ್ತು. ಯಾರ ಪಾಲಿಗೆ ಯಾವ ಕೆಲಸವೆಂದು ಎಲ್ಲರಿಗೂ ಕಾಣುವಂತೆ ಬರೆದಿಟ್ಟರೆ ನೆಪ ಹೇಳುವುದು ಕಷ್ಟ.

ಆದರೂ ಒಂದು ಮಾತು ಹೇಳಲೇಬೇಕು. ಶಾಮಿಯಾನ ಹಾಕಿಸಿದವನು, ಸುರಪುರದಿಂದ ಕುರ್ಚಿ ತಂದವನು, ನಸುಕಿನಲ್ಲೆದ್ದು ನೀರು ತುಂಬಿಸಿದವನು ಊರಲ್ಲೇ ಉಳಿದ ನಿಮ್ಮ ಸಹಪಾಠಿ. ಅವನ ಬಳಿ ಇರುವುದು ಗುಂಡಿ ಒತ್ತುವ ಸಾದಾ ಫೋನು. ಹಲಗೆಯಲ್ಲಿ ಅವನ ಹೆಸರಿರಲಿಲ್ಲ. ಆ ಪಟ್ಟಿ ನೋಡಿಯೇ ವೇದಿಕೆಯಲ್ಲಿ ಶಾಲು ಹೊದಿಸುವಾಗ ಅವನನ್ನು ಯಾರೂ ಕರೆಯಲಿಲ್ಲ. ಹಲಗೆಯು ಬರೆದದ್ದನ್ನಷ್ಟೇ ತೋರಿಸುತ್ತದೆ. ಮುಂದಿನ ಸಲ ಅವನಿಗೆ ಕರೆಮಾಡಿ ಕೇಳಿ, ಅವನ ಚೀಟಿಯನ್ನು ನಿಮ್ಮಲ್ಲೊಬ್ಬರು ಬರೆಯಿರಿ. ಹಾಜರಿ ಕೂಗುವಾಗ ಅವನ ಹೆಸರನ್ನು ನಾನು ಒಂದು ದಿನವೂ ಬಿಟ್ಟವನಲ್ಲ.